ಬಚ್ಚಲ ನೀರು ಹೋದ ದಾರಿ

ಹೋದ ವರ್ಷ ಶ್ರಾವಣದ ಒಂದು ಭಾನುವಾರ ನಮ್ಮ ಮನೆಯ ಬಚ್ಚಲು ಉಕ್ಕಿತು. ವಾಷಿಂಗ್ ಮಷೀನು ಮೊದಲನೇ ನೀರು ಬಿಡುವ ಹೊತ್ತು. ಹೊರಗೆ ಹೋಗಬೇಕಾದ ನೀರು ನೊರೆಯೊಂದಿಗೆ ತಿರುಗಿ ಬಂದು, ಬಚ್ಚಲ ಹೊಸ್ತಿಲು ದಾಟಿ, ಅಡುಗೆಮನೆಯ ಪರಸಿ ಮೇಲೆ ಹರಿದು, ಜೋಳದ ಚೀಲದ ಬುಡಕ್ಕೆ ಬಂದು ನಿಂತಿತು. ಅವ್ವ ಕಸಬರಿಗೆ ಹಿಡಿದು ನೀರನ್ನು ಹಿಂದಕ್ಕೆ ನೂಕುತ್ತಿದ್ದಳು. ಅದೇ ಹೊತ್ತಿಗೆ ಪಕ್ಕದ ಮನೆಯ ಅಕ್ಕ ಗೋಡೆಯ ಮೇಲಿಂದ ಕೂಗಿದರು: "ನಿಮ್ ಮಷೀನಿನ ನೀರು ನಮ್ಮ ಅಂಗಳಕ್ಕ ಬರ್ಲಕತ್ತದ, ನೋಡ್ರಿ ಸ್ವಲ್ಪ!"

ಆ ಮಷೀನು ನಾನು ಕೊಡಿಸಿದ್ದು. ಫೆಲೋಶಿಪ್ಪಿನ ಹಣ ಎಂಟು ತಿಂಗಳು ತಡವಾಗಿ ಒಮ್ಮೆಲೇ ಬಂದಾಗ, ಮೊಣಕಾಲು ನೋವಿನ ಅವ್ವ ಇನ್ನು ಕುಕ್ಕರಗಾಲಲ್ಲಿ ಕೂತು ಬಟ್ಟೆ ಒಗೆಯಬಾರದು ಎಂದು ತಂದಿದ್ದೆ. ಮನೆ ಯಾವ ಊರಿನಲ್ಲಿದೆ ಎಂದು ಹೇಳುವುದಿಲ್ಲ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಈ ಐದು ಊರುಗಳಲ್ಲೂ ನಮ್ಮ ಬಂಧುಬಳಗವಿದೆ. ಆ ವಾರ ಫೋನು ಮಾಡಿ ವಿಚಾರಿಸಿದರೆ ಮಷೀನು ಇದ್ದವರೆಲ್ಲ ಒಂದೇ ಮಾತು ಹೇಳಿದರು. ನೀರು ತುಂಬುತ್ತದೆ, ಹೋಗುವುದಿಲ್ಲ. "ನೀರು ಹೋಗವಲ್ದು" ಎಂಬುದು ನಮ್ಮ ಕಡೆಯ ಮನೆಮಾತಾಗಿದೆ.

ಇತಿಹಾಸ ವಿಭಾಗದಲ್ಲಿ ಪಿಎಚ್.ಡಿ. ಮಾಡುತ್ತಿರುವ ನನಗೆ ನೀರಿನ ಚರಿತ್ರೆ ಹೊಸದಲ್ಲ. ಆದರೆ ನಾನು ಓದಿದ್ದೆಲ್ಲ ಬರುವ ನೀರಿನ ಚರಿತ್ರೆ. ಕೆರೆ, ಬಾವಿ, ಕಾಲುವೆ, ಅಣೆಕಟ್ಟು. ಕೆರೆ ಕಟ್ಟಿಸಿದವರಿಗೆ ಶಾಸನಗಳಿವೆ. ಬಳಸಿ ಬಿಟ್ಟ ನೀರು ಎಲ್ಲಿ ಹೋಯಿತು, ಅದನ್ನು ಯಾರು ಸಾಗಿಸಿದರು ಎಂಬುದಕ್ಕೆ ಯಾವ ರಾಜನೂ ಕಲ್ಲು ನೆಡಿಸಿದಂತಿಲ್ಲ. ಆ ಭಾನುವಾರದಿಂದ ನಾನು ಹೋಗುವ ನೀರಿನ ಬೆನ್ನು ಹತ್ತಿದೆ.

*

ಮೊದಲು ಬಂದವನು ಮಷೀನು ರಿಪೇರಿಯ ಹುಡುಗ. ಮಷೀನನ್ನು ಮಗುಚಿ, ಕೆಳಗಿನ ವಾಲ್ವು ಬಿಚ್ಚಿ, ಅಂಗೈಯಲ್ಲಿ ಹಿಡಿದು ತೋರಿಸಿದ. ನೂಲಿನ ಎಳೆ, ಕೂದಲು, ಅವೆರಡನ್ನೂ ಹಿಡಿದು ಕೂಡಿಸಿದ ಬೆಳ್ಳಗಿನ ಗಟ್ಟಿ ಹಕ್ಕಳೆ. "ಮೇಡಂ, ಇದು ಮಷೀನಿನ ತಪ್ಪಲ್ಲ. ನಿಮ್ ಕಡಿ ನೀರಾಗೇ ಸುಣ್ಣ ಅದ. ನೀರಲ್ಲ ಇದು, ಕಲ್ಲು" ಅಂದ.

ಅವನು ಆಡಿದ್ದು ಅಕ್ಷರಶಃ ನಿಜ. ನಮ್ಮ ನೆಲಕ್ಕೆ ಹಾಸಿದ ಶಹಾಬಾದ್ ಪರಸಿಯೂ ಅವನ ಅಂಗೈಯಲ್ಲಿದ್ದ ಹಕ್ಕಳೆಯೂ ಬಹುಪಾಲು ಒಂದೇ ವಸ್ತು: ಕ್ಯಾಲ್ಸಿಯಂ ಕಾರ್ಬೋನೇಟ್. ಭೂವಿಜ್ಞಾನಿಗಳು ಭೀಮಾ ಶಿಲಾಸಮೂಹ ಎಂದು ಕರೆಯುವ ಈ ಸುಣ್ಣಕಲ್ಲು ನೆಲದ ಮೇಲೆ ಪ್ರಾಣಿಗಳು ಓಡಾಡುವ ಎಷ್ಟೋ ಮೊದಲು, ಒಂದು ಆಳವಿಲ್ಲದ ಸಮುದ್ರದ ತಳದಲ್ಲಿ ಪದರ ಪದರವಾಗಿ ಕೂತದ್ದು. ಆ ಪದರಗಳಿಂದಾಗಿಯೇ ಉಳಿ ಇಟ್ಟು ತಟ್ಟಿದರೆ ಹೋಳಿಗೆ ಬಿಡಿಸಿದಂತೆ ಸಪಾಟಾಗಿ ಏಳುತ್ತದೆ. ಮಳೆನೀರು ಗಾಳಿಯ ಮತ್ತು ಮಣ್ಣಿನ ಇಂಗಾಲಾಮ್ಲವನ್ನು ಕೂಡಿಸಿಕೊಂಡು ನೆಲಕ್ಕಿಳಿದಾಗ ಈ ಕಲ್ಲನ್ನು ಸ್ವಲ್ಪ ಸ್ವಲ್ಪವೇ ಕರಗಿಸುತ್ತದೆ. ಆ ಕರಗಿದ ಕಲ್ಲೇ ನಮ್ಮ ಬೋರ್‌ವೆಲ್ಲಿನಿಂದ ಮೇಲೆ ಬರುವುದು. ಭಾರತೀಯ ಮಾನಕ ಬ್ಯೂರೋ ಕುಡಿಯುವ ನೀರಿನ ಗಡಸುತನಕ್ಕೆ ಲೀಟರಿಗೆ 200 ಮಿಲಿಗ್ರಾಂ ಒಪ್ಪುವ ಮಿತಿ ಎಂದೂ, ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ಸಹಿಸಬಹುದು ಎಂದೂ ಹೇಳುತ್ತದೆ. ಸುಣ್ಣಕಲ್ಲಿನ ಮೇಲೆ ಕೂತ ಊರಿನವರಿಗೆ ಈ "ಬೇರೆ ನೀರು ಇಲ್ಲದಿದ್ದರೆ" ಎಂಬ ಮಾತಿನ ಅರ್ಥ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಮಾಪನ ಬರುವುದಕ್ಕೆ ಮೊದಲೂ ಜನ ನೀರನ್ನು ಅಳೆಯುತ್ತಿದ್ದರು. ನಮ್ಮ ಜಿಲ್ಲೆ ತೊಗರಿಯ ಕಣಜ. ತೊಗರಿಬೇಳೆಯೇ ಇಲ್ಲಿನ ಪರೀಕ್ಷೆಯ ಕೊಳವೆ. ಗಡಸು ನೀರಿನಲ್ಲಿ ಬೇಳೆ ಗಂಟೆಗಟ್ಟಲೆ ಕುದಿದರೂ ಕರಗುವುದಿಲ್ಲ. ಹಾಗಾಗಿ ಊರಿನ ಬಾವಿಗಳು "ಬ್ಯಾಳಿ ಬೇಯೋ ನೀರು", "ಬಳಕಿ ನೀರು" ಎಂದು ಎರಡು ಜಾತಿ. ಹೊಸ ಸೊಸೆಗೆ ಮೊದಲ ವಾರ ಹೇಳಿಕೊಡುತ್ತಿದ್ದುದು ದೇವರ ಕೋಣೆ ಯಾವುದು ಎಂದಲ್ಲ, ಯಾವ ಬಾವಿಯ ನೀರು ಯಾವುದಕ್ಕೆ ಎಂದು.

*

ಈ ಕಲ್ಲಿನಿಂದಲೇ ನಮ್ಮ ಊರುಗಳು ಹೊರಜಗತ್ತಿಗೆ ಗೊತ್ತಾದದ್ದು. ಸೇಡಂ ತಾಲ್ಲೂಕಿನ ಮಳಖೇಡ, ಅಂದರೆ ರಾಷ್ಟ್ರಕೂಟರ ಮಾನ್ಯಖೇಟ, ಕಾಗಿಣಾ ನದಿಯ ದಂಡೆಯ ಮೇಲಿದೆ. ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ 'ಕವಿರಾಜಮಾರ್ಗ' ಹುಟ್ಟಿದ ಊರು ಎಂದು ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ಈಗ ನಿಂತಿರುವ ಕೋಟೆಯ ಗೋಡೆಗಳೂ ಇದೇ ಪದರಗಲ್ಲಿನವು. ಕೋಟೆಯ ಆಚೆ ಸಿಮೆಂಟ್ ಕಾರ್ಖಾನೆಯ ಚಿಮಣಿಗಳು.

ಕಲ್ಲು ದೂರ ಹೋಗಲು ರೈಲು ಬೇಕಾಯಿತು. ಮುಂಬಯಿಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ 1871ರಲ್ಲಿ ರಾಯಚೂರಿನಲ್ಲಿ ಮದ್ರಾಸ್ ರೈಲ್ವೆಯನ್ನು ಕೂಡಿಕೊಂಡಿತು. 1874ರಲ್ಲಿ ವಾಡಿಯಿಂದ ಚಿತ್ತಾಪುರ, ಸೇಡಂ, ತಾಂಡೂರು ಹಾಯ್ದು ಸಿಕಂದರಾಬಾದಿಗೆ ನಿಜಾಮರ ಹಳಿ ಬಂತು. ಬಯಲಿನ ನಡುವೆ ವಾಡಿ ಎಂಬುದು ಜಂಕ್ಷನ್ ಆಯಿತು. ಶಹಾಬಾದಿನ ಹಾಸುಗಲ್ಲು ಎಷ್ಟೋ ನಿಲ್ದಾಣಗಳ ಪ್ಲಾಟ್‌ಫಾರ್ಮಿಗೆ ನೆಲವಾಯಿತು. ಮುಂದೆ ಅದೇ ಸುಣ್ಣಕಲ್ಲನ್ನು ಸುಟ್ಟು ಸಿಮೆಂಟ್ ಮಾಡುವ ಕಾರ್ಖಾನೆ ಶಹಾಬಾದಿಗೆ ಬಂತು. 1936ರಲ್ಲಿ ಹತ್ತು ಕಂಪನಿಗಳು ಕೂಡಿ ಎ.ಸಿ.ಸಿ. ಆದಾಗ ಶಹಾಬಾದ್ ಸಿಮೆಂಟ್ ಕಂಪನಿಯೂ ಅದರಲ್ಲೊಂದು. 1968ರಲ್ಲಿ ವಾಡಿಯ ಕಾರ್ಖಾನೆ ಆರಂಭವಾಯಿತು. 1980ರ ದಶಕದಲ್ಲಿ ಮಳಖೇಡ, ಸೇಡಂ.

ಈ ಕಥೆಯಲ್ಲಿ ನಮ್ಮ ಬಚ್ಚಲಿಗೆ ಸಂಬಂಧಪಟ್ಟ ಒಂದು ಎಳೆಯಿದೆ. ಗಡಸು ನೀರಿನ ಕಾಟವನ್ನು ಆಧುನಿಕ ಕಾಲದಲ್ಲಿ ಮೊದಲು ತಲೆಗೆ ಹಚ್ಚಿಕೊಂಡವರಲ್ಲಿ ಉಗಿಯಂತ್ರದವರೂ ಇದ್ದರು. ನೀರು ಕಾದಾಗ ಕರಗಿದ ಸುಣ್ಣ ಮತ್ತೆ ಕಲ್ಲಾಗಿ ಬಾಯ್ಲರಿನ ಒಳಗೋಡೆಗೆ ಹತ್ತುತ್ತದೆ. ಹಕ್ಕಳೆ ದಪ್ಪವಾದಷ್ಟೂ ಇದ್ದಿಲು ಹೆಚ್ಚು ಬೇಕು, ಕೊನೆಗೆ ಕೊಳವೆಯೇ ಒಡೆಯಬಹುದು. ಅದಕ್ಕೇ ಎಂಜಿನ್ನುಗಳನ್ನು ಗೊತ್ತಾದ ದಿನಕ್ಕೊಮ್ಮೆ ನಿಲ್ಲಿಸಿ ಬಾಯ್ಲರ್ ತೊಳೆಯುವ ಪದ್ಧತಿಯಿತ್ತು. ಸ್ಕಾಟ್ಲೆಂಡಿನ ಅಬರ್ಡೀನಿನ ಥಾಮಸ್ ಕ್ಲಾರ್ಕ್ ಎಂಬ ರಸಾಯನಶಾಸ್ತ್ರಜ್ಞ 1841ರಲ್ಲಿ ಗಡಸು ನೀರಿಗೆ ಸುಣ್ಣದ ನೀರನ್ನೇ ಬೆರೆಸಿ ಅದನ್ನು ಮೆತ್ತಗೆ ಮಾಡುವ ವಿಧಾನಕ್ಕೆ ಪೇಟೆಂಟ್ ಪಡೆದ. ನೀರಿನ ಸುಣ್ಣವನ್ನು ಸುಣ್ಣದಿಂದಲೇ ತೆಗೆಯುವ ಜಾಣತನ ಅದು. ಎಷ್ಟು ಸಾಬೂನು ಹಾಕಿದರೆ ನೊರೆ ನಿಲ್ಲುತ್ತದೆ ಎಂಬುದರ ಮೇಲೆ ಗಡಸುತನ ಅಳೆಯುವ ಕ್ರಮವೂ ಅವನದೇ. ಅಂದರೆ ಬಟ್ಟೆ ಒಗೆಯುವವರಿಗೆ ದಿನವೂ ಗೊತ್ತಾಗುತ್ತಿದ್ದುದನ್ನು ಅವನು ಅಂಕಿಗೆ ಇಳಿಸಿದ.

ಅವನ ಹೆಸರು ಪುಸ್ತಕದಲ್ಲಿದೆ. ಒಗೆಯುವವರ ಹೆಸರಿಲ್ಲ. ಇಲ್ಲಿಂದ ಮುಂದಿನದು ನನ್ನ ಮನೆಯದೇ ಕಥೆ.

*

ನಮ್ಮದು ಅಗಸರ ಮನೆ. ಅವ್ವನ ತಾಯಿ, ನನ್ನ ಆಯಿ, ಚಿತ್ತಾಪುರ ತಾಲ್ಲೂಕಿನ ಕಾಗಿಣಾ ದಂಡೆಯ ಒಂದು ಹಳ್ಳಿಯಲ್ಲಿ ಊರಿನ ಬಟ್ಟೆ ಒಗೆದಳು. ಕೂಲಿ ಎಂದು ದುಡ್ಡು ಇರಲಿಲ್ಲ, ಆಯ ಇತ್ತು. ಬಡಿಗ, ಕಮ್ಮಾರ, ಕುಂಬಾರ, ಹಜಾಮರಂತೆ ಅಗಸರಿಗೂ ಸುಗ್ಗಿಯಲ್ಲಿ ಕಣದಿಂದ ಇಷ್ಟು ಜೋಳ ಎಂದು ಸಲ್ಲುತ್ತಿತ್ತು. ಅದರ ಜೊತೆ ದಿನವೂ ಮನೆಮನೆಯ ರೊಟ್ಟಿ. ಬಟ್ಟೆಯ ಅಂಚಿಗೆ ಕೇರುಬೀಜದ ಕರಿಯ ಗುರುತು. ಓದು ಬಾರದ ಆಯಿಗೆ ಯಾವ ಗುರುತು ಯಾವ ಮನೆಯದು ಎಂಬುದು ಕೊನೆಯವರೆಗೂ ಮರೆಯಲಿಲ್ಲ.

ಆಯಿ ಒಗೆಯುವ ರೀತಿಯನ್ನು ನಾನು ಸಣ್ಣವಳಿದ್ದಾಗ ಕೇಳಿದ್ದೆ, ಅರ್ಥವಾದದ್ದು ಈಗ. ಬಟ್ಟೆಯನ್ನು ಸವಳು ಮಣ್ಣಿನ ನೀರಿನಲ್ಲಿ ಅದ್ದಿ, ರಾತ್ರಿ ಇಟ್ಟು, ಉಬ್ಬೆಗೆ ಹಾಕಿ ಹಬೆಯಲ್ಲಿ ಬೇಯಿಸಿ, ಬೆಳಿಗ್ಗೆ ಹೊಳೆಯ ಬಂಡೆಗೆ ಬಡಿಯುವುದು. ಸವಳು ಮಣ್ಣು ಎಂದರೆ ನೆಲದ ಮೇಲೆ ಬೆಳ್ಳಗೆ ಉಕ್ಕಿ ಬರುವ ಕ್ಷಾರ. ಅದರಲ್ಲಿರುವುದು ಸೋಡಿಯಂ ಕಾರ್ಬೋನೇಟ್, ಅಂಗಡಿಯ ವಾಷಿಂಗ್ ಸೋಡಾ. ಗಡಸು ನೀರಿಗೆ ಸೋಡಾ ಬಿದ್ದರೆ ನೀರಿನ ಸುಣ್ಣ ಬಿಳಿ ಹುಡಿಯಾಗಿ ಕೆಳಗೆ ಕೂರುತ್ತದೆ, ಮೇಲಿನ ನೀರು ಮೆತ್ತಗಾಗುತ್ತದೆ. ಬೂದಿಯ ತಿಳಿನೀರಿನದೂ ಇದೇ ಗುಣ. ಅಂಟುವಾಳ, ಸೀಗೆಕಾಯಿಯ ನೊರೆಗಂತೂ ಸುಣ್ಣದ ಹಂಗೇ ಇಲ್ಲ. ಅವು ಸಾಬೂನಿನಂತೆ ಒಡೆದು ಮೊಸರಾಗುವುದಿಲ್ಲ. ಅಂದರೆ ಕ್ಲಾರ್ಕನ ಪೇಟೆಂಟಿನ ಹಿಂದಿನ ಅನುಭವಜ್ಞಾನ ಕಾಗಿಣಾ ದಂಡೆಯಲ್ಲಿ ಮೊದಲೇ ಇತ್ತು, ಕತ್ತೆಯ ಬೆನ್ನಿನ ಮೇಲೆ ದಿನವೂ ಹೋಗಿ ಬರುತ್ತಿತ್ತು. ನೀರಿನ ಗಡಸಿಗೂ ಅದರ ಮದ್ದಿಗೂ ನಮ್ಮ ಕಡೆ ಒಂದೇ ಪದ, ಸವಳು, ಎಂಬುದು ನನಗೆ ಈಚೆಗೆ ಹೊಳೆಯಿತು.

ಒಗೆಯುವವರಿಗೆ ನಮ್ಮ ಸಾಹಿತ್ಯದಲ್ಲಿ ಒಂದು ಎತ್ತರದ ಜಾಗವಿದೆ. ದೇವರ ಹಿಪ್ಪರಗಿಯ ಮಡಿವಾಳ ಮಾಚಿದೇವ 12ನೇ ಶತಮಾನದ ಕಲ್ಯಾಣದಲ್ಲಿ ಶರಣರ ಬಟ್ಟೆ ಮಡಿ ಮಾಡುತ್ತಲೇ 'ಕಲಿದೇವರದೇವ' ಅಂಕಿತದಲ್ಲಿ ವಚನ ಬರೆದವನು. ನಮ್ಮ ಮನೆಯಲ್ಲಿ ಅವನ ಪಟವಿದೆ. ಆದರೆ ಪಟದ ಕೆಳಗೆ ಕೂತು ಆಯಿ ಹೇಳುತ್ತಿದ್ದ ಮಾತು ಬೇರೆ. ಬಾಣಂತಿಯ ಬಟ್ಟೆ, ಮುಟ್ಟಿನ ಬಟ್ಟೆ, ಸತ್ತ ಮನೆಯ ಬಟ್ಟೆ ಅಗಸಗಿತ್ತಿಯ ಕೈಗೇ ಬರಬೇಕು. ಒಗೆದು ತಂದದ್ದು 'ಮಡಿ'. ಆ ಮಡಿ ಉಟ್ಟವರು ಒಗೆದು ತಂದವಳಿಗೆ ರೊಟ್ಟಿಯನ್ನು ಮೇಲಿನಿಂದ ಉಡಿಗೆ ಹಾಕುತ್ತಿದ್ದರು, ಕೈ ತಾಗದ ಹಾಗೆ. "ಮಡಿ ನಾವ್ ಮಾಡ್ತಿದ್ದೆವು, ಮೈಲಿಗಿ ನಮಗ ಉಳೀತಿತ್ತು" ಅಂತ ಆಯಿ ನಗುತ್ತಲೇ ಹೇಳುತ್ತಿದ್ದಳು. ಅದು ನಗುವ ಮಾತಲ್ಲ ಎಂದು ತಿಳಿಯಲು ನನಗೆ ಎಂ.ಎ. ಮುಗಿಯಬೇಕಾಯಿತು.

ಅವ್ವ ಆ ಕೆಲಸ ಮಾಡಲಿಲ್ಲ. ಮದುವೆಯಾಗಿ ಊರಿಗೆ ಬಂದಳು, ಅಪ್ಪ ಕಲ್ಲಿನ ಖಣಿಯಲ್ಲಿ ಲಾರಿ ಲೆಕ್ಕ ಬರೆಯುತ್ತಿದ್ದ. ಅಷ್ಟರಲ್ಲಿ ಒಗೆಯುವ ಕೆಲಸವೇ ಹಳ್ಳಿಯ ದಂಡೆಯಿಂದ ಮನೆಯ ಬಚ್ಚಲಿಗೆ ಬಂದಿತ್ತು. 1959ರಲ್ಲಿ ಸರ್ಫ್ ಬಂತು, 1969ರಲ್ಲಿ ಅಹಮದಾಬಾದಿನಿಂದ ನಿರ್ಮಾ ಶುರುವಾಯಿತು. ಅಗ್ಗದ ಪುಡಿ ಹಳ್ಳಿಯ ಅಂಗಡಿಗೂ ಬಂದ ಮೇಲೆ ಊರಿನ ಬಟ್ಟೆ ಮನೆಮನೆಯ ಹೆಂಗಸರ ತಲೆಗೆ ಬಂತು. ಆಯ ನಿಂತಿತು. ಕಣದಲ್ಲಿ ಜೋಳ ಕೇಳಲು ಹೋದ ಆಯಿಯನ್ನು ಒಬ್ಬರು "ಈಗ ನಮ್ಮ ಅರಿವಿ ನಾವೇ ಒಗೀತೀವಲ್ಲ" ಎಂದು ಬರಿಗೈಯಲ್ಲಿ ಕಳಿಸಿದರಂತೆ. ಆಯಿ ಆ ದಿನವನ್ನು ಬಿಡುಗಡೆ ಎಂದೂ ಹೇಳುತ್ತಿದ್ದಳು, ಹಸಿವು ಎಂದೂ ಹೇಳುತ್ತಿದ್ದಳು. ಎರಡೂ ನಿಜ.

ಅಮೆರಿಕದ ಇತಿಹಾಸಕಾರ್ತಿ ರೂತ್ ಶ್ವಾರ್ಟ್ಜ್ ಕೋವನ್ 1983ರಲ್ಲಿ 'ಮೋರ್ ವರ್ಕ್ ಫಾರ್ ಮದರ್' ಎಂಬ ಪುಸ್ತಕ ಬರೆದಳು. ಮನೆಗೆ ಯಂತ್ರಗಳು ಬಂದರೂ ತಾಯಂದಿರ ದುಡಿಮೆಯ ಹೊತ್ತು ಕಡಿಮೆಯಾಗಲಿಲ್ಲ. ಹೊರಗೆ ಬೇರೆಯವರು ಮಾಡುತ್ತಿದ್ದ ಕೆಲಸ ಯಂತ್ರದ ನೆಪದಲ್ಲಿ ಒಬ್ಬಳೇ ಹೆಂಗಸಿನ ಕೈಗೆ ಬಂತು ಎಂಬುದು ಅವಳ ವಾದ. ಓದಿದಾಗ ತಲೆದೂಗಿದ್ದೆ. ನಮ್ಮ ಬಚ್ಚಲು ಉಕ್ಕಿದ ಮೇಲೆ ಅದಕ್ಕೆ ಇನ್ನೊಂದು ಅಧ್ಯಾಯ ಬೇಕು ಅನ್ನಿಸಿತು. ಅವ್ವನ ಮೊಣಕಾಲಿನ ಕೆಲಸವೇನೋ ನಿಜವಾಗಿ ಇಳಿದಿತ್ತು. ಹಾಗಾದರೆ ಅದು ಎಲ್ಲಿಗೆ ಹೋಯಿತು?

*

ಅದಕ್ಕೆ ಮೊದಲು ಬಚ್ಚಲ ವಿಚಾರ. ಕನ್ನಡದ ಬಚ್ಚಲು ಎಂಬ ಪದ ವಿಚಿತ್ರದ್ದು. ಮೈ ತೊಳೆಯುವ ಜಾಗಕ್ಕೂ ಕೊಳೆನೀರು ಹೋಗುವ ತೂಬಿಗೂ ಅದೊಂದೇ ಹೆಸರು. ಶುದ್ಧವಾಗುವುದೂ ಗಲೀಜು ಬಿಡುವುದೂ ಒಂದೇ ಕಡೆ ಎಂದು ಭಾಷೆಗೆ ಗೊತ್ತಿತ್ತು. ಮನೆಯ ಹೊರಗೆ ಬಂದ ಮೇಲಿನ ಪದಗಳು ನಮ್ಮ ಚರಿತ್ರೆಯಂತೆಯೇ ಕಲಬೆರಕೆ: ಮೋರಿ, ನಾಲಿ, ಗಟಾರ. ಪ್ಲಂಬರು ಬಚ್ಚಲ ತೂಬಿಗೆ ಕೂಡಿಸುವ ಜಾಲರಿ ಮುಚ್ಚಳದ ಬಟ್ಟಲಿಗೆ 'ನಹಾನಿ ಟ್ರ್ಯಾಪ್' ಅನ್ನುತ್ತಾನೆ. ನಾನು ಅದು ಇಂಗ್ಲಿಷ್ ಹೆಸರು ಎಂದುಕೊಂಡಿದ್ದೆ. ಅದರ ಮೊದಲರ್ಧ ಮರಾಠಿಯ 'ನ್ಹಾಣಿ', ಅಂದರೆ ಸ್ನಾನದ ಮನೆ. ಒಂದಷ್ಟು ನೀರನ್ನು ಸದಾ ಹಿಡಿದಿಟ್ಟು ಮೋರಿಯ ವಾಸನೆ, ಹುಳು ಮೇಲೆ ಬಾರದಂತೆ ತಡೆಯುವುದು ಅದರ ಕೆಲಸ. ಇದೇ ಉಪಾಯದ ಬಾಗಿದ ಕೊಳವೆಗೆ ಲಂಡನ್ನಿನ ಗಡಿಯಾರ ತಯಾರಕ ಅಲೆಕ್ಸಾಂಡರ್ ಕಮಿಂಗ್ 1775ರಲ್ಲಿ ಪೇಟೆಂಟ್ ಪಡೆದಿದ್ದ.

ಹಳೆಯ ಬಚ್ಚಲು ತಂಬಿಗೆಯ ಲೆಕ್ಕದ್ದು. ಒಂದು ಕೊಡ ನೀರು, ತಂಬಿಗೆ ತಂಬಿಗೆಯಾಗಿ ಬಿದ್ದು, ಓಟ ಕೊಟ್ಟ ಪರಸಿಯ ಮೇಲೆ ಸಣ್ಣಗೆ ಹರಿದು ಹಿತ್ತಲಿಗೆ ಹೋಗುತ್ತಿತ್ತು. ಚಿಂಚೋಳಿಯ ಸೋದರಮಾವನ ಮನೆಯಲ್ಲಿ ಈಗಲೂ ಹಾಗೇ. ಬಚ್ಚಲ ತೂಬಿನ ಆಚೆ ಬಾಳೆ, ಕೆಸು, ಒಂದು ಕರಿಬೇವು. ಮಾವ ಮಷೀನು ತಂದಿಲ್ಲ. "ನಮ್ ಬಾಳಿಗಿ ಅಷ್ಟು ನೀರು ಬ್ಯಾಡವಾ" ಅಂತಾರೆ. ಮಷೀನು ಹಾಗಲ್ಲ. ಒಂದು ಸಲ ಬಟ್ಟೆ ಒಗೆದು ಮುಗಿಸಲು ನೂರು ಲೀಟರಿಗೂ ಹೆಚ್ಚು ನೀರು ಕುಡಿದು, ಅದನ್ನು ಎರಡು ಮೂರು ಕಂತಿನಲ್ಲಿ ಒಮ್ಮೆಲೇ ಉಗುಳುತ್ತದೆ. ನಮ್ಮದು ಮೇಲಿನಿಂದ ಬಟ್ಟೆ ಹಾಕುವ ಮಷೀನು. ಅದರಲ್ಲಿ ನೀರು ಎತ್ತಿ ಹಾಕುವ ಪಂಪಿಲ್ಲ, ನೀರು ತನ್ನ ಭಾರಕ್ಕೇ ಇಳಿಯಬೇಕು. ಪೈಪು ನೆಲಕ್ಕೆ ತಾಗಿಯೇ ಇರಬೇಕು. ಬಚ್ಚಲ ಹೊಸ್ತಿಲು ದಾಟಿಸಲು ನಾವು ಅದನ್ನು ನಾಲ್ಕು ಬೆರಳು ಎತ್ತರಿಸಿದ್ದೆವು. ಇದು ಮೊದಲ ತಪ್ಪು. ಎರಡನೆಯದು ಪುಡಿ. ಅಗ್ಗದ ಪುಡಿಯಲ್ಲಿ ಸೋಡಾ ಹೆಚ್ಚು. ಅದು ಆಯಿಯ ಸವಳು ಮಣ್ಣು ಮಾಡಿದ ಕೆಲಸವನ್ನೇ ಮಾಡುತ್ತದೆ, ನೀರಿನ ಸುಣ್ಣವನ್ನು ಬಿಳಿ ಹುಡಿಯಾಗಿ ಕೆಡವುತ್ತದೆ. ಹೊಳೆದಂಡೆಯಲ್ಲಿ ಆ ಹುಡಿಯನ್ನು ಕಾಗಿಣಾ ಒಯ್ಯುತ್ತಿತ್ತು. ನಮ್ಮ ಬಚ್ಚಲಲ್ಲಿ ಅದು ವಾಲ್ವಿನಲ್ಲಿ, ಕೊಳವೆಯಲ್ಲಿ, ಮೋರಿಯ ತಿರುವಿನಲ್ಲಿ ನೂಲು ಕೂದಲನ್ನು ಕೂಡಿಸಿಕೊಂಡು ಗಾರೆಯಂತೆ ಕೂತುಬಿಟ್ಟಿತ್ತು. ಸಿಮೆಂಟಿನ ಊರುಗಳಲ್ಲಿ ಮನೆಯೊಳಗೂ ಒಂದು ಸಣ್ಣ ಕಾರ್ಖಾನೆ.

ಮೂರನೆಯ ತಪ್ಪು ನನ್ನದೇ. ಹಿಂದಿನ ದಿನ ಮೋರಿ ಬಿಡಿಸಲು ಅಂಗಡಿಯಿಂದ ಆಸಿಡ್ ತಂದು ಸುರಿದಿದ್ದೆ. ಆಸಿಡ್ ಸುಣ್ಣವನ್ನು ಕರಗಿಸುತ್ತದೆ ಎಂಬುದು ನಿಜ. ಆದರೆ ನೆಲವೂ ಸುಣ್ಣವೇ ಎಂಬುದನ್ನು ಮರೆತಿದ್ದೆ. ಬುರುಬುರು ನೊರೆ ಎದ್ದು, ಮೂವತ್ತು ವರ್ಷ ಅವ್ವ ಉಜ್ಜಿ ಉಜ್ಜಿ ಕನ್ನಡಿ ಮಾಡಿದ್ದ ಪರಸಿ ಒಂದು ಮೊಳದಷ್ಟು ಬೂದು ಬಣ್ಣಕ್ಕೆ ತಿರುಗಿ ತರಕಲಾಯಿತು. ಆ ಕಲೆ ಈಗಲೂ ಇದೆ.

ಊರಿನ ಮೋರಿಗಳಿಗೂ ಒಂದು ಚರಿತ್ರೆಯಿದೆ. 1948ರವರೆಗೆ ನಾವು ನಿಜಾಮರ ಹೈದರಾಬಾದ್ ಸಂಸ್ಥಾನದವರು. 1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದು ಕೊಚ್ಚಿಹೋದ ಮೇಲೆ, 1909ರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರನ್ನು ಅಲ್ಲಿಗೆ ಕರೆಸಿದರು. ನೆರೆ ತಡೆಯುವ ಜಲಾಶಯಗಳ ಯೋಜನೆಯ ಜೊತೆಗೆ ನಗರದ ಒಳಚರಂಡಿಯ ಯೋಜನೆಯನ್ನೂ ಅವರು ಮಾಡಿಕೊಟ್ಟರು. ಒಂದು ನಗರದ ಮರ್ಯಾದೆ ಅದರ ಮಹಲುಗಳಲ್ಲಿ ಮಾತ್ರವಲ್ಲ, ಕೊಳೆನೀರಿನ ದಾರಿಯಲ್ಲೂ ಇದೆ ಎಂದು ರಾಜಧಾನಿಗೆ ಅರ್ಥವಾದ ಹೊತ್ತು ಅದು. ನಮ್ಮಂಥ ತಾಲ್ಲೂಕು ಊರುಗಳ ಮೋರಿ ಅವ್ವನ ನೆನಪಿನಲ್ಲಿ ಇರುವುದು ಹೀಗೆ: ಬೀದಿಯ ಬದಿಗೆ ತೋಡಿದ ತೆರೆದ ನಾಲಿ, ಎರಡು ಬದಿ ಪರಸಿ, ಮನೆಯ ಮುಂದೆ ಕಾಲಿಡಲು ಮೇಲೊಂದು ಪರಸಿ. ನಮ್ಮ ಊರುಗಳಲ್ಲಿ ಮೋರಿಯ ತಳ, ಗೋಡೆ, ಮುಚ್ಚಳ ಮೂರೂ ಅದೇ ಕಲ್ಲು.

*

ಆ ಪರಸಿಗಳನ್ನು ಎತ್ತಲು ಒಬ್ಬರನ್ನು ಕರೆಸಿದೆವು. ಅವರ ಹೆಸರು ಇಲ್ಲಿ ಬೇಡ. ಐವತ್ತರ ಆಸುಪಾಸು. ಒಂದು ಕಬ್ಬಿಣದ ಹಾರೆ, ಒಂದು ಬಿದಿರು ಸೀಳು, ಬರಿಗೈ. ನಾಲ್ಕು ಪರಸಿ ಮಗುಚಿ, ತಿರುವಿನಲ್ಲಿ ಮೊಣಕೈವರೆಗೆ ಕೈ ಹಾಕಿ, ಬಿಳಿ ಗಾರೆ ಹತ್ತಿದ ನೂಲಿನ ಹಗ್ಗದಂಥದ್ದನ್ನು ಎಳೆದು ಹೊರಗೆ ಹಾಕಿದರು. ಕೆಳಗೆ ನೀರು ಗಳಗಳ ಎಂದು ಇಳಿಯಿತು. "ಮಷೀನ್ ಬಂದ ಮ್ಯಾಲ ನಮಗ ಕೆಲಸ ಹೆಚ್ಚಾಗ್ಯಾದ ನೋಡ್ ತಂಗಿ" ಅಂದರು. ದೂರಿನ ದನಿಯಲ್ಲಲ್ಲ, ಹವಾಮಾನದ ವಿಷಯ ಹೇಳುವವರಂತೆ.

ಕೋವನ್ ಪುಸ್ತಕಕ್ಕೆ ನಾನು ಹುಡುಕುತ್ತಿದ್ದ ಅಧ್ಯಾಯ ಅದೇ. ಅವ್ವನ ಮೊಣಕಾಲಿನಿಂದ ಇಳಿದ ಕೆಲಸ ಇವರ ಮೊಣಕೈಗೆ ಹೋಗಿತ್ತು.

1970ರ ದಶಕದಲ್ಲಿ ದೇವರಾಜ ಅರಸರ ಸಂಪುಟದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ಕರ್ನಾಟಕದಲ್ಲಿ ನಿಷೇಧಿಸಿದರು. ದೇಶಕ್ಕೆ 1993ರಲ್ಲಿ ಒಂದು ಕಾಯ್ದೆ ಬಂತು, 2013ರಲ್ಲಿ ಇನ್ನೂ ಬಿಗಿಯಾದದ್ದು. ಸುರಕ್ಷಾ ಸಾಧನವಿಲ್ಲದೆ ಒಳಚರಂಡಿಗೆ, ಸೆಪ್ಟಿಕ್ ಟ್ಯಾಂಕಿಗೆ ಮನುಷ್ಯರನ್ನು ಇಳಿಸುವುದು ಈಗ ಅಪರಾಧ. ಹಾಗೆ ಇಳಿದು ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತು. 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ನಮ್ಮದು ಬರೀ ಬಚ್ಚಲ ಮೋರಿ, ಪಾಯಿಖಾನೆಯದಲ್ಲ. ಕಾಯ್ದೆಯ ಅಕ್ಷರಕ್ಕೆ ಅದು ಸಿಗಲಿಕ್ಕಿಲ್ಲ. ಆದರೆ ಕೈ ಹಾಕಿದವರು ಯಾರು, ಯಾವ ಓಣಿಯಿಂದ ಬಂದವರು ಎಂಬುದು ಕಾಯ್ದೆಗೆ ಮೊದಲೂ ಒಂದೇ, ನಂತರವೂ ಒಂದೇ. ಇಂಥ ಕೆಲಸಕ್ಕೆ ಕರೆಯುವಾಗ ಊರಿಗೆ ಊರೇ ಒಂದೇ ಓಣಿಯ ಕಡೆಗೆ ನೋಡುತ್ತದೆ. ನಾವೂ ಹಾಗೇ ನೋಡಿದ್ದೆವು.

ಕೆಲಸ ಮುಗಿದ ಮೇಲೆ ಅವ್ವ ಚಹಾ ತಂದಳು. ಕಾಗದದ ಕಪ್ಪಿನಲ್ಲಿ.

ನಮ್ಮ ಮನೆಯಲ್ಲಿ ಕಾಗದದ ಕಪ್ಪು ಇರುವುದಿಲ್ಲ. ರಿಪೇರಿಯ ಹುಡುಗ ಸ್ಟೀಲ್ ಗ್ಲಾಸಿನಲ್ಲೇ ಕುಡಿದಿದ್ದ. ಅವರು ಬರುತ್ತಾರೆ ಎಂದು ಗೊತ್ತಾದ ಮೇಲೆ ಅವ್ವ ಅಂಗಡಿಗೆ ಹೋಗಿ ತಂದಿದ್ದಳು. ಅವರು ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು ಹೊಸ್ತಿಲ ಆಚೆ ಕೂತು ಕುಡಿದರು, ಮುಗಿದ ಮೇಲೆ ಮಡಿಚಿ ತಮ್ಮ ಜೇಬಿಗೆ ಹಾಕಿಕೊಂಡರು. ಉಡಿಗೆ ಮೇಲಿನಿಂದ ಬೀಳುತ್ತಿದ್ದ ರೊಟ್ಟಿಯ ಮಗಳು ನಮ್ಮವ್ವ. ಅದರ ಮೊಮ್ಮಗಳು ನಾನು, ಮೂರು ವರ್ಷದಿಂದ ಚರಿತ್ರೆಯ ಬಗ್ಗೆ ಸೆಮಿನಾರುಗಳಲ್ಲಿ ಮಾತಾಡುವವಳು. ಆ ಹೊತ್ತು ನಾನೂ ಏನೂ ಅನ್ನಲಿಲ್ಲ.

ರಾತ್ರಿ ಕೇಳಿದೆ: "ಅವ್ವಾ, ಆ ಕಪ್ಪು ಯಾಕ ತಂದಿ?" ಅವ್ವ ಬಹಳ ಹೊತ್ತು ಜೋಳ ಹಸನು ಮಾಡುತ್ತ ಕೂತಳು. ಆಮೇಲೆ, "ನಮಗ ಹಾಕಿದ್ದು ನೆನಪದ. ಅದಕ್ಕೇ ಕೈ ಎತ್ತಿ ಕೊಟ್ಟೀನಿ, ಮ್ಯಾಲಿಂದ ಹಾಕಿಲ್ಲ" ಅಂದಳು. ಅವಳ ಲೆಕ್ಕದಲ್ಲಿ ಅದು ಒಂದು ತಲೆಮಾರಿನ ದೂರ. ಅದನ್ನು ಇಲ್ಲ ಅನ್ನಲು ನನಗೆ ಬಾಯಿ ಬರಲಿಲ್ಲ, ಹೌದು ಅನ್ನಲೂ ಬರಲಿಲ್ಲ.

ಮಡಿವಾಳ ಎಂಬ ಹೆಸರು ಹೊತ್ತ ನಮಗೆ ಮೈಲಿಗೆ ಎಲ್ಲಿ ಹೋಗುತ್ತದೆ ಎಂಬುದು ಬೇರೆಯವರಿಗಿಂತ ಚೆನ್ನಾಗಿ ಗೊತ್ತಿರಬೇಕಿತ್ತು. ಊರಿನ ಮೈಲಿಗೆ ನಮ್ಮ ಕೈಗೆ ಬರುತ್ತಿತ್ತು. ಈಗ ಅದು ಕೊಳವೆಯಲ್ಲಿ ಹಾದು ಇನ್ನೊಬ್ಬರ ಕೈಗೆ ಹೋಗುತ್ತದೆ. ಗುಂಡಿ ಒತ್ತಿದರೆ ಸಾಕು, ಕಣ್ಣಿಗೆ ಕಾಣುವುದಿಲ್ಲ. ಕಾಣದಂತೆ ಮಾಡುವುದರಲ್ಲಿ ಮಷೀನು ಆಯದ ಪದ್ಧತಿಗಿಂತ ಜಾಣ.

*

ಮುಂದೆ ಮಾಡಿದ್ದು ಸಣ್ಣ ಸಣ್ಣ ಕೆಲಸಗಳು. ಮಷೀನಿನ ಕೆಳಗೆ ಎರಡು ಪರಸಿ ಕೊಟ್ಟು ಎತ್ತರಿಸಿದೆವು. ಪೈಪು ಈಗ ಇಳಿಜಾರಿನಲ್ಲಿದೆ. ಪೈಪಿನ ಬಾಯಿಗೆ ಹಳೆಯ ಕಾಲ್ಚೀಲ ಕಟ್ಟಿದೆ, ನೂಲು ಅಲ್ಲೇ ನಿಲ್ಲುತ್ತದೆ. ವಾರಕ್ಕೊಮ್ಮೆ ಬಿಚ್ಚಿ ಕೊಡವಬೇಕು. ಪುಡಿಯ ಬದಲು ದ್ರವ. ತಿಂಗಳಿಗೊಮ್ಮೆ ಬಟ್ಟೆ ಹಾಕದೆ ನಿಂಬೆ ಉಪ್ಪಿನ ನೀರಿನಲ್ಲಿ ಮಷೀನು ತಿರುಗಿಸುತ್ತೇವೆ; ಆ ನೀರು ನೆಲಕ್ಕೆ ಚೆಲ್ಲದಂತೆ ಪೈಪನ್ನು ಬಕೆಟ್ಟಿಗೆ ಬಿಟ್ಟು, ಮೇಲೆ ಇನ್ನೆರಡು ಬಕೆಟ್ ನೀರು ಕೂಡಿಸಿ ಮೋರಿಗೆ ಹಾಕುವುದು. ಕೊನೆಯ ಜಾಲಿಸಿದ ನೀರು ಮಾತ್ರ ಚಿಂಚೋಳಿಯಿಂದ ತಂದ ಬಾಳೆಯ ಬುಡಕ್ಕೆ. ಪಕ್ಕದ ಮನೆಯ ಅಕ್ಕ ಒಂದು ಬಾಳೆಗೊನೆಯ ಕರಾರಿನ ಮೇಲೆ ರಾಜಿಯಾಗಿದ್ದಾರೆ.

ಮೋರಿಯ ತಿರುವಿನಲ್ಲಿ ಕೈ ಹಾಕದೆ ತೆಗೆಯಬಲ್ಲ ಒಂದು ಸಣ್ಣ ಚೇಂಬರ್ ಕಟ್ಟಿಸಬೇಕಿತ್ತು. ಅದಕ್ಕೂ ಅವರೇ ಬಂದರು. ಗವಸು ನಾನು ತಂದಿಟ್ಟಿದ್ದೆ. ಮೊದಲು ನಕ್ಕರು, ಆಮೇಲೆ ಹಾಕಿಕೊಂಡರು. ಮುಚ್ಚಳಕ್ಕೆ ಒಂದು ಪರಸಿಯನ್ನು ಅಳತೆಗೆ ಒಡೆದು, ಎತ್ತಲು ಕಬ್ಬಿಣದ ಕಡಗ ಕೂಡಿಸಿಕೊಟ್ಟರು. ಅವತ್ತು ಅವ್ವ ಚಹಾವನ್ನು ಸ್ಟೀಲ್ ಗ್ಲಾಸಿನಲ್ಲಿ ಕೊಟ್ಟಳು. ಅವರು ಹೋದ ಮೇಲೆ ಆ ಗ್ಲಾಸನ್ನು ಎರಡು ಸಲ ತೊಳೆದಳು. ನಾನು ನೋಡಿದೆ. ನಾನು ನೋಡಿದ್ದನ್ನು ಅವಳೂ ನೋಡಿದಳು. ಗ್ಲಾಸು ಮಾತ್ರ ಬೇರೆ ಗ್ಲಾಸುಗಳ ಜೊತೆಗೇ ಮಾಡಿನ ಮೇಲೆ ಹೋಯಿತು.

ಈಗ ಹದಿನೈದು ದಿನಕ್ಕೊಮ್ಮೆ, ಭಾನುವಾರ ಬೆಳಿಗ್ಗೆ, ಆ ಕಡಗ ಹಿಡಿದು ಪರಸಿ ಎತ್ತುವುದು ನನ್ನ ಪಾಳಿ. ಭಾರವಿದೆ, ಎರಡೂ ಕೈ ಬೇಕು. ಒಳಗೆ ಕೂತ ಬಿಳಿ ಗಸಿಯನ್ನು ಹಿಡಿಯುಳ್ಳ ಡಬ್ಬಿಯಿಂದ ತೋಡಿ ಪುಟ್ಟಿಗೆ ಹಾಕುತ್ತೇನೆ. ಒಣಗಿದ ಮೇಲೆ ಅದು ಸೀಮೆಸುಣ್ಣದ ಪುಡಿಯಂತಿರುತ್ತದೆ. ಮುಚ್ಚಳ ಮುಚ್ಚಿ ಒಳಗಿದ್ದ ಅವ್ವನಿಗೆ "ಬಿಡವ್ವಾ ನೀರು" ಎಂದು ಕೂಗುತ್ತೇನೆ. ಪರಸಿಯ ಕೆಳಗೆ ನೀರು ಹೋಗುವ ಸದ್ದು ಕೇಳುವವರೆಗೆ ಇಬ್ಬರೂ ಇದ್ದಲ್ಲೇ ನಿಲ್ಲುತ್ತೇವೆ.